ಗಾಲಿಕುರ್ಚಿಯ ವೀರರಸ

ಅಂಗವಿಕಲರ ಬಾಳನ್ನು ಕುರಿತ ಕೃತಿ ಎಂದೊಡನೆ ನಮ್ಮ ರಸಿಕರು ಕರುಣರಸಕ್ಕೆ ಸಿದ್ಧರಾಗಿ ಕುಳಿತುಬಿಡುತ್ತಾರೆ. ಹೆನ್ರಿ ಅಲೆಕ್ಸ್ ರೂಬಿನ್ ಮತ್ತು ಡಾನಾ ಆಡಮ್ ಶಪೀರೊ ನಿರ್ದೇಶಿಸಿದ ‘ಮರ್ಡರ್‌ಬಾಲ್’ (2005) ಎಂಬ ಅಮೆರಿಕದ ಸಾಕ್ಷ್ಯಚಿತ್ರ ಆ ಸಿದ್ಧತೆಯನ್ನು ಮೊದಲಿಗೇ ಕೆಡಿಸುತ್ತದೆ. ಅದರ ಹಿರಿಮೆ ಅಲ್ಲಿಯೇ ಇದೆಯೆಂದು ನನ್ನ ಭಾವನೆ.

ಚಿತ್ರದ ವಸ್ತು ಗಾಲಿಕುರ್ಚಿಯ ರಗ್ಬಿ ಆಟ. ಕತ್ತಿನ ಬಳಿ ಬೆನ್ನುಹುರಿಗೆ ಪೆಟ್ಟುಬಿದ್ದು ಕೈಕಾಲುಗಳೆರಡರಲ್ಲೂ ಬಲಗುಂದಿದವರಿಗಾಗಿ 1977ರಲ್ಲಿ ಕೆನಡದ ವಿನ್ನಿಪೆಗ್ ನಗರದಲ್ಲಿ ಹುಟ್ಟಿದ ಆಟವಿದು. ಮೊದಲು ಇದಕ್ಕಿದ್ದ ಹೆಸರೇ ಚಿತ್ರದ ಹೆಸರು. ಆಟಗಾರನಲ್ಲಿ ಉಳಿದಿರುವ ಶಕ್ತಿಯನ್ನು ಅಳೆದು 0.5ರಿಂದ 3.5ರವರೆಗೆ ಅಂಕ ಕೊಡುತ್ತಾರೆ. ಅಂಕಣದಲ್ಲಿರುವ ನಾಲ್ವರ ಮೊತ್ತ ಸಾಮಾನ್ಯವಾಗಿ 8ನ್ನು ಮೀರಕೂಡದು. ಹೀಗಾಗಿ ಅತ್ಯಂತ ದುರ್ಬಲನಾದವನೂ ತಂಡಕ್ಕೆ ಬೇಕಾದವನೇ. ಇದು ದಯೆಯಲ್ಲ, ಲೆಕ್ಕ. ಸಮಾಜ ಕಲಿಯಬೇಕಾದ ಪಾಠವೊಂದು ಈ ನಿಯಮದಲ್ಲಿ ಅಡಗಿದೆ.

ರನ್ನನ ‘ಗದಾಯುದ್ಧ’ದಲ್ಲಿ ತೊಡೆ ಮುರಿದ ದುರ್ಯೋಧನನಿಗೆ ಉಳಿಯುವುದು ಮರಣವೊಂದೇ. ವೀರನ ದೇಹ ಮುರಿದರೆ ಕಥೆ ಮುಗಿಯಿತೆಂಬುದು ಕಾವ್ಯದ ಹಳೆಯ ದಾರಿ. ಈ ಚಿತ್ರದಲ್ಲಿ ಕಥೆ ತೊಡಗುವುದೇ ಅಲ್ಲಿಂದ. ಮಾರ್ಕ್ ಜುಪಾನ್ ಎಂಬ ಆಟಗಾರ 1993ರಲ್ಲಿ ಗೆಳೆಯನ ವಾಹನದಿಂದ ಕಾಲುವೆಗೆ ಎಸೆಯಲ್ಪಟ್ಟವನು. ಅವನು ಕುರ್ಚಿಯಿಂದ ಕುರ್ಚಿಗೆ ಡಿಕ್ಕಿ ಹೊಡೆಯುವುದನ್ನು ಕಂಡಾಗ ಮರುಕ ಹುಟ್ಟುವುದಿಲ್ಲ. ಒಮ್ಮೊಮ್ಮೆ ಅವನ ಒರಟುತನಕ್ಕೆ ಸಿಟ್ಟೇ ಬರುತ್ತದೆ. ಸಿಟ್ಟಿಗೆ ಅರ್ಹನಾಗುವುದೂ ಪೂರ್ಣ ಮನುಷ್ಯನ ಒಂದು ಹಕ್ಕಲ್ಲವೆ? ವಾಹನ ನಡೆಸುತ್ತಿದ್ದ ಗೆಳೆಯನ ಪಾಪಪ್ರಜ್ಞೆಯನ್ನೂ ನಿರ್ದೇಶಕರು ಮರೆತಿಲ್ಲ. ಪೆಟ್ಟು ಬಿದ್ದದ್ದು ಒಬ್ಬನಿಗೆ, ನೊಂದವರು ಹಲವರು.

ಆದರೆ ನನ್ನ ಮನಸ್ಸಿನಲ್ಲಿ ನಿಂತದ್ದು ಪಂದ್ಯಗಳಲ್ಲ. ಮೋಟಾರ್‌ಸೈಕಲ್ ಓಟದಲ್ಲಿ ಕತ್ತು ಮುರಿದುಕೊಂಡ ಕೀತ್ ಎಂಬ ತರುಣ ಆಸ್ಪತ್ರೆಯಿಂದ ಮನೆಗೆ ಮರಳುತ್ತಾನೆ. ಸಂತಸದ ಗಳಿಗೆಯಾಗಬೇಕಾದ್ದು ಅವನಿಗೆ ಭಾರವಾಗುತ್ತದೆ. ಮನೆ ಅದೇ, ತಾನು ಮಾತ್ರ ಬೇರೆ. ಮತ್ತೊಮ್ಮೆ ಜುಪಾನನ ಆಟದ ಕುರ್ಚಿಯಲ್ಲಿ ಅವನನ್ನು ಕೂರಿಸಿದಾಗ ಆ ಮುಖದಲ್ಲಿ ಬೆಳಕು ಮೂಡುತ್ತದೆ. ಉಪದೇಶಕ್ಕೆ ಸಾಧ್ಯವಾಗದ್ದನ್ನು ಒಂದು ಕುರ್ಚಿ ಸಾಧಿಸಿತು.

ದೋಷವೂ ಇಲ್ಲಿಯೇ ಇದೆ. ಈ ಎರಡು ದೃಶ್ಯಗಳ ನಡುವಿನ ದಾರಿಯನ್ನು ಚಿತ್ರ ಸಾಕಷ್ಟು ತೋರಿಸುವುದಿಲ್ಲ. ಅಮೆರಿಕ–ಕೆನಡಗಳ ಹಗೆತನಕ್ಕೆ ಅದು ಮನಸೋತಿದೆ. ಆಟದ ಕುರ್ಚಿಗೆ ಹಣ ಎಲ್ಲಿಂದ, ಬಾಗಿಲ ಮೆಟ್ಟಿಲಿಗೆ ಇಳಿಜಾರು ಕಟ್ಟುವವರು ಯಾರು, ಕೆಲಸ ಕೊಡುವವರು ಯಾರು ಎಂಬ ಪ್ರಶ್ನೆಗಳು ಮೂಲೆಗೆ ಸರಿದಿವೆ. ಆಟದ ಅಂಕಣದಿಂದ ಊರಿನ ಬೀದಿಗೆ ಬಾರದೆ ಮರಳುವಿಕೆ ಪೂರ್ಣವಾಗದು.

ಆದರೂ 2004ರ ಆಥೆನ್ಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನವನ್ನು ಬಯಸಿ ಕಂಚಿಗೆ ನಿಂತ ಈ ಆಟಗಾರರ ದುಃಖ ಸೋತ ಆಟಗಾರರೆಲ್ಲರ ದುಃಖವೇ ಆಗಿದೆ. ‘ಅಯ್ಯೋ ಪಾಪ’ ಎಂಬ ನಮ್ಮ ಮಾತಿಗೆ ಅಲ್ಲಿ ಜಾಗವಿಲ್ಲ. ಆ ಮಾತನ್ನಾಡಿ ಬಾಗಿಲು ಮುಚ್ಚಿಕೊಳ್ಳುವುದು ಸುಲಭ. ಬಾಗಿಲನ್ನು ಅಗಲಮಾಡುವುದು ಕಷ್ಟ. ಈ ಚಿತ್ರವನ್ನು ನೋಡಿದವರಿಗೆ ಮೊದಲನೆಯದು ಅಷ್ಟು ಸುಲಭವಾಗಿ ಉಳಿಯಲಾರದು.