ಕಲೋಂಜಿ ವಿಡಿಯೋಗೂ ಸನದ್ ಕೇಳೋಣ

ಏಳು ದಿನದಲ್ಲಿ ಶುಗರ್ ಮಾಯ, ಇನ್ನು ಮಾತ್ರೆ ಬೇಡ! ಇಂಥ ತಲೆಬರಹದ ವಿಡಿಯೋಗಳನ್ನು ನೀವೂ ಯೂಟ್ಯೂಬಿನಲ್ಲಿ ನೋಡಿರುತ್ತೀರಿ. ಉರ್ದುವಿನಲ್ಲೋ ಹಿಂದಿಯಲ್ಲೋ ತಯಾರಾದ ವಿಡಿಯೋ, ಮುಂಬಯಿ, ಪುಣೆ, ಹೈದರಾಬಾದಿನ ನಮ್ಮ ಮನೆಗಳ ಫ್ಯಾಮಿಲಿ ಗ್ರೂಪಿಗೆ ಬರುವಷ್ಟರಲ್ಲಿ ಅದಕ್ಕೊಂದು ಕನ್ನಡದ ಸಾಲೂ ಸೇರಿಕೊಂಡಿರುತ್ತದೆ. ಕಟ್ಟುವ ಕ್ರಮ ಹೆಚ್ಚುಕಡಿಮೆ ಒಂದೇ. ಮೊದಲು ಸಲಾಂ, ಆಮೇಲೆ ಕಲೋಂಜಿ ಅಂದರೆ ಕರಿಜೀರಿಗೆಯ ಕುರಿತ ಹದೀಸ್, ನಂತರ ಗ್ಲುಕೋಮೀಟರಿನ ಒಂದು ಅಂಕಿ, ಕೊನೆಗೆ ಎಣ್ಣೆ ಬಾಟಲಿ ತರಿಸಿಕೊಳ್ಳಲು ಫೋನ್ ನಂಬರು.

ಹದೀಸ್ ಇರುವುದು ನಿಜ. ಕರಿಜೀರಿಗೆಯಲ್ಲಿ ಶಿಫಾ ಇದೆ ಎಂಬ ಮಾತು ಬುಖಾರಿ, ಮುಸ್ಲಿಂ ಎರಡೂ ಸಂಗ್ರಹಗಳಲ್ಲಿದೆ. ಮೋಸ ಇರುವುದು ಅದರ ಮುಂದಿನ ಜಿಗಿತದಲ್ಲಿ. ಮಾತ್ರೆ ನಿಲ್ಲಿಸಿ ಎಂದು ಆ ಹದೀಸ್ ಎಲ್ಲಿ ಹೇಳುತ್ತದೆ? ಕಾಯಿಲೆ ಬಂದರೆ ಚಿಕಿತ್ಸೆ ಮಾಡಿಸಿಕೊಳ್ಳಿ ಎಂದು ಪ್ರವಾದಿಯವರು(ಸ) ತಿಳಿಸಿದ ಹದೀಸನ್ನು ಈ ವಿಡಿಯೋದವರು ಯಾಕೆ ಎತ್ತುವುದಿಲ್ಲ? ಮಾತು ಸಾರ್ವತ್ರಿಕವಾಗಿ ಕಂಡರೂ ಅದು ಕೆಲವು ಬಗೆಯ ಕಾಯಿಲೆಗಳಿಗೆ ಮಾತ್ರ ಅನ್ವಯ ಎಂದು ಖತ್ತಾಬಿಯಂಥ ಹಳೆಯ ವ್ಯಾಖ್ಯಾನಕಾರರೇ ಅರ್ಥೈಸಿದ್ದಾರೆ. ಇಬ್ನ್ ಖಲ್ದೂನ್ ಇನ್ನೂ ಮುಂದೆ ಹೋಗಿ, 1377ರಲ್ಲಿ ಮುಗಿಸಿದ ‘ಮುಕದ್ದಿಮಾ’ದಲ್ಲಿ, ಇಂಥ ವೈದ್ಯವು ಅರಬರ ರೂಢಿಗೆ ಸೇರಿದ್ದು, ದಿವ್ಯವಾಣಿಯ ಭಾಗವಲ್ಲ ಎಂದು ವಾದಿಸಿದ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಪ್ರಶ್ನೆ ಕೇಳುವುದೇ ಈಮಾನಿಗೆ ವಿರುದ್ಧ ಅನ್ನುವವರಿಗೆ ನಮ್ಮ ಪರಂಪರೆ ಗೊತ್ತಿಲ್ಲ, ಅಷ್ಟೇ.

ಇನ್ನು ಆ ಅಂಕಿಯ ವಿಷಯ. ಗ್ಲುಕೋಮೀಟರ್ ತೋರಿಸುವುದು ಆ ಕ್ಷಣದ ಸಕ್ಕರೆ ಮಾತ್ರ. ಹಿಂದಿನ ರಾತ್ರಿ ಊಟ ಬಿಟ್ಟರೂ ಅದು ಇಳಿಯಬಹುದು. ಸುಮಾರು ಮೂರು ತಿಂಗಳ ಸರಾಸರಿ ತಿಳಿಸುವುದು ಎಚ್‌ಬಿಎ1ಸಿ ಪರೀಕ್ಷೆ, ಏಕೆಂದರೆ ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಹಾಗಾಗಿ ಏಳು ದಿನದ ಪವಾಡಕ್ಕೆ ಆಧಾರವೇ ಇಲ್ಲ. ಕಲೋಂಜಿಯಿಂದ ಸಕ್ಕರೆ ಸ್ವಲ್ಪ ಇಳಿದದ್ದು ಕೆಲವು ಸಣ್ಣ ಅಧ್ಯಯನಗಳಲ್ಲಿ ಕಂಡಿದೆ. ಅದು ಔಷಧಿಯ ಜಾಗಕ್ಕೆ ಬರುತ್ತದೆ ಎಂದು ಅವು ಸಾಬೀತು ಮಾಡಿಲ್ಲ. ಟೈಪ್ 1 ಮಧುಮೇಹಿ ಇನ್ಸುಲಿನ್ ಬಿಟ್ಟರೆ ಕೆಲವೇ ದಿನಗಳಲ್ಲಿ ಕೀಟೋಅಸಿಡೋಸಿಸ್ ಆಗಿ ಜೀವಕ್ಕೇ ಅಪಾಯ. ಟೈಪ್ 2ರವರು ಮಾತ್ರೆ ಬಿಟ್ಟರೆ ಕಣ್ಣು, ಮೂತ್ರಪಿಂಡ, ನರಗಳು ಸದ್ದಿಲ್ಲದೆ ಹಾಳಾಗುತ್ತಾ ಹೋಗುತ್ತವೆ.

ಸುಳ್ಳನ್ನು ಬಯಲು ಮಾಡುವ ವಿಡಿಯೋಗಳೂ ಬೇಕಾದಷ್ಟಿವೆ. ಆದರೆ ಹಲವು ನನಗೆ ಒಪ್ಪಿಗೆಯಾಗುವುದಿಲ್ಲ. ತಲೆಬರಹದಲ್ಲೇ ಸುಳ್ಳನ್ನು ದೊಡ್ಡದಾಗಿ ಬರೆದು, ನಂಬಿದವರನ್ನು ಗೇಲಿ ಮಾಡುತ್ತವೆ. ನೋಡಿದವರ ನೆನಪಲ್ಲಿ ಉಳಿಯುವುದು ಆ ತಲೆಬರಹ ಮತ್ತು ಆದ ಅವಮಾನ. ನಮ್ಮ ಖಾಲಾ, ಚಾಚಾಗಳಿಗೆ ಅದು ಔಷಧಿಯ ಮಾತಾಗಿ ಕೇಳುವುದಿಲ್ಲ, ದೀನಿನ ಮೇಲಿನ ದಾಳಿಯಾಗಿ ಕೇಳುತ್ತದೆ. ಒಳ್ಳೆಯ ತಿದ್ದುಪಡಿ ನಿಜದಿಂದ ಶುರುವಾಗಬೇಕು, ಸುಳ್ಳನ್ನು ಒಮ್ಮೆ ಮಾತ್ರ ಹೇಳಿ ಅದು ಎಲ್ಲಿ ತಪ್ಪಿತು ಅಂತ ತೋರಿಸಬೇಕು, ಮತ್ತೆ ನಿಜಕ್ಕೇ ಬಂದು ನಿಲ್ಲಬೇಕು.

ಅದಕ್ಕೆ ಬೇಕಾದ ಅಳತೆಗೋಲು ನಮ್ಮಲ್ಲೇ ಇದೆ. ಹದೀಸ್ ವಿದ್ವಾಂಸರು ಮಾತು ಎಷ್ಟೇ ಚೆನ್ನಾಗಿದ್ದರೂ ಸನದ್ ಕೇಳುತ್ತಿದ್ದರು: ಯಾರು ಹೇಳಿದ್ದು, ಯಾರಿಂದ ಕೇಳಿದ್ದು, ಅವರು ನಂಬಿಕಸ್ಥರೇ? ವಿಡಿಯೋಗೂ ಅದನ್ನೇ ಕೇಳಿ. ಹೇಳುವವರ ಹೆಸರು, ಓದು ಏನು? ಯಾವ ಅಧ್ಯಯನ, ಎಷ್ಟು ಜನರ ಮೇಲೆ? ಮಾರುವವರೂ ಅವರೇನಾ? ಮಧುಮೇಹ ಗುಣಪಡಿಸುತ್ತೇವೆಂದು ಜಾಹೀರಾತು ಮಾಡುವುದನ್ನು ನಮ್ಮ ದೇಶದಲ್ಲಿ 1954ರ ಕಾನೂನೇ ನಿಷೇಧಿಸಿದೆ ಎಂಬುದೂ ನೆನಪಿರಲಿ.

ವಿದ್ಯಾರ್ಥಿಗಳಿಗೆ ಒಂದು ಮಾತು. ಗ್ರೂಪಿನಲ್ಲಿ ಎಲ್ಲರೆದುರು ಹಿರಿಯರ ಜೊತೆ ವಾದಕ್ಕೆ ಇಳಿಯಬೇಡಿ. ಫೋನ್ ಮಾಡಿ, ಮನೆಯಲ್ಲಾಡುವ ಕನ್ನಡದಲ್ಲೋ ಉರ್ದುವಿನಲ್ಲೋ ಬ್ಯಾರಿಯಲ್ಲೋ ಮೊದಲು ಒಂದೇ ಪ್ರಶ್ನೆ ಕೇಳಿ: ಮಾತ್ರೆ ತಗೋತಾ ಇದ್ದೀರಲ್ಲ? ಹದೀಸ್, ಕಲೋಂಜಿ, ಎಚ್‌ಬಿಎ1ಸಿ ಎಲ್ಲ ಆಮೇಲೆ ಮಾತಾಡಬಹುದು.