ದುರ್ಗದ ಚರಿತ್ರೆಯನ್ನು ಕೂಡಿ ಓದುವುದು

ವಿಶ್ವವಿದ್ಯಾಲಯದ ಇತಿಹಾಸದ ಮೇಷ್ಟ್ರುಗಳು ತಮ್ಮ ಓದುಬಳಗವನ್ನು ತರಗತಿಯಿಂದ ಪುಸ್ತಕದಂಗಡಿಗೆ ತಂದರೆ, ಅಲ್ಲಿ ನಮ್ಮಂಥ ಕಥೆ ಬರೆಯುವವರಿಗೇನು ಕೆಲಸ? ಧಾರವಾಡದ ಮನೋಹರ ಗ್ರಂಥಮಾಲೆಯ ಅಟ್ಟವನ್ನು ನೆನೆದರೆ ಸಾಕು. ಜಿ.ಬಿ. ಜೋಶಿ, ಕೀರ್ತಿನಾಥ ಕುರ್ತಕೋಟಿಯವರ ಒಡನಾಟದಲ್ಲಿ ಬೆಳೆದ ಗಿರೀಶ ಕಾರ್ನಾಡರು ಇತಿಹಾಸದ ಪುಸ್ತಕಗಳನ್ನು ಓದಿಯೇ 1964ರ 'ತುಘಲಕ್' ಬರೆದರು. ಸುಲ್ತಾನನ ಕಾಲದ ಇತಿಹಾಸಕಾರ ಬರನಿಯನ್ನು ನಾಟಕದಲ್ಲೇ ಪಾತ್ರವಾಗಿ ತಂದರು. ಹೀಗಾಗಿ ದೊರೆಯ ಜೊತೆಗೆ ಅವನ ಕಥೆ ಬರೆದಿಟ್ಟವನ ಮುಖವೂ ನಮಗೆ ಕಾಣುತ್ತದೆ.

ಜಗಳೂರಿನವರಾದ ನಮಗೆ ಇಂಥ ಓದು ಬೇಕಾಗಿದೆ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದರೂ ನಮ್ಮ ತಾಲ್ಲೂಕಿನ ನೆನಪುಗಳು ಚಿತ್ರದುರ್ಗವನ್ನು ಬಿಟ್ಟಿಲ್ಲ. ಮದಕರಿನಾಯಕ ಎಂದರೆ ತ.ರಾ.ಸು. ಅವರ 'ದುರ್ಗಾಸ್ತಮಾನ', ಓಬವ್ವ ಎಂದರೆ 1972ರ 'ನಾಗರಹಾವು' ಸಿನಿಮಾ. 'ದುರ್ಗಾಸ್ತಮಾನ' ದೊಡ್ಡ ಕಾದಂಬರಿ. 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಸಲ್ಲತಕ್ಕದ್ದೇ. ಆದರೆ ದಾಖಲೆ ಎಲ್ಲಿ ಮುಗಿಯಿತು, ಕಲ್ಪನೆ ಎಲ್ಲಿ ಶುರುವಾಯಿತು ಎಂಬ ಹೊಲಿಗೆ ಕಾದಂಬರಿಯಲ್ಲಿ ಕಾಣುವುದಿಲ್ಲ, ಕಾಣಲೂಬಾರದು. ಅದು ಕಾದಂಬರಿಕಾರನ ಕಸುಬು. ಹೊಲಿಗೆ ಬಿಚ್ಚಿ ನೋಡಬೇಕಾದದ್ದು ಓದುಬಳಗ.

1779ರಲ್ಲಿ ದುರ್ಗ ಹೈದರಾಲಿಯ ವಶವಾದದ್ದನ್ನೇ ನೋಡಿ. ನಾಯಕನ ಸೇವೆಯಲ್ಲಿದ್ದ ಮುಸ್ಲಿಮ್ ಅಧಿಕಾರಿಗಳ ದ್ರೋಹದಿಂದ ಕೋಟೆ ಬಿತ್ತೆಂದು ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಹೇಳುತ್ತದೆ. ರೈಸ್‌ಗಿಂತ ಮೊದಲೇ ವಿಲ್ಕ್ಸ್ ಇದನ್ನು ಬರೆದಿದ್ದ. ಈ ಸಾಲು ಬಂದಾಗ ಕೆಲವರಿಗೆ ಬೇಗ ಪುಟ ತಿರುವಬೇಕೆನಿಸುತ್ತದೆ, ಕೆಲವರಿಗೆ ಅದನ್ನೇ ಭಾಷಣಕ್ಕೆ ಎತ್ತಿಕೊಳ್ಳಬೇಕೆನಿಸುತ್ತದೆ. ವಿಲ್ಕ್ಸ್ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಇಂಗ್ಲಿಷರ ಅಧಿಕಾರಿ. ಅವನ ಇತಿಹಾಸ ಅಚ್ಚಾದದ್ದು 1810ರಿಂದ 1817ರ ನಡುವೆ, 1799ರಲ್ಲಿ ಟಿಪ್ಪು ಮಡಿದ ಮೇಲೆ. ಗೆದ್ದವರು ಬರೆದದ್ದೆಂದು ಎಚ್ಚರದಿಂದ ಓದಬೇಕು ನಿಜ. ಅಷ್ಟರಿಂದಲೇ ಸುಳ್ಳೆಂದು ತಳ್ಳಿಹಾಕುವಂತೆಯೂ ಇಲ್ಲ. ನಮ್ಮನ್ನು ತಡೆದು ನಿಲ್ಲಿಸುವುದು ಆ ದ್ರೋಹಕ್ಕಿಂತ ಹಿಂದಿನ ಸಂಗತಿ: ಬೇಡ ನಾಯಕನೊಬ್ಬ ಮುಸ್ಲಿಮರನ್ನು ನಂಬಿ ತನ್ನ ಪಡೆಯಲ್ಲಿ ಇಟ್ಟುಕೊಂಡಿದ್ದ. ಅವರು ಯಾವ ಊರಿನವರು? ಸಂಬಳಕ್ಕೆ ಬಂದವರೋ, ತಲೆಮಾರುಗಳಿಂದ ಅಲ್ಲೇ ಇದ್ದವರೋ? ಇದನ್ನು ಕೇಳದೆ ತೀರ್ಪು ಕೊಡುವುದು ಅವಸರವಾಯಿತು.

ಅದೇ ರೈಸ್ ಇನ್ನೊಂದು ಮಾತನ್ನೂ ಹೇಳುತ್ತಾರೆ. ಹೈದರ್ 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅವರ ಹುಡುಗರನ್ನು ಮತಾಂತರಿಸಿ 'ಚೇಲಾ' ಪಡೆಗಳನ್ನು ಕಟ್ಟಿದ. ಹೈದರನನ್ನು ಹೊಗಳುವ ಸಭೆಗಳಲ್ಲಿ ಈ ಹುಡುಗರ ಸುದ್ದಿ ಎತ್ತುವವರು ಕಡಿಮೆ. ದ್ರೋಹದ ಮಾತನ್ನು ತೂಗಿದ ತಕ್ಕಡಿಯಲ್ಲೇ ಇದನ್ನೂ ತೂಗಬೇಕು. ನಾಯಕ ಜನಾಂಗದ ಗೆಳೆಯರ ಪಕ್ಕದಲ್ಲಿ, ಒಂದೇ ಬೆಂಚಿನ ಮೇಲೆ ಕೂತು ಆ ಪುಟವನ್ನು ಗಟ್ಟಿಯಾಗಿ ಓದುವುದು ಸುಲಭವಲ್ಲ. ಅಂಗಡಿಗೆ ಹೋಗಬೇಕಾದದ್ದೇ ಅದಕ್ಕಾಗಿ; ಮನೆಯಲ್ಲಿ ಒಬ್ಬರೇ ಓದುವಾಗ ಬೇಡದ ಪುಟವನ್ನು ಹಾರಿಸಿದರೆ ಕೇಳುವವರಿರುವುದಿಲ್ಲ.

ಮೇಷ್ಟ್ರುಗಳಿಗೂ ನಮ್ಮಿಂದ ಉಪಯೋಗವಿದೆ. ಹೈದರನ ಚರಿತ್ರೆಯಾದ ಕಿರ್ಮಾನಿಯ 'ನಿಶಾನೆ ಹೈದರಿ' ಇರುವುದು ಪಾರ್ಸಿಯಲ್ಲಿ. ಉರ್ದು ಕಲಿತವರಿಗೆ ಆ ಲಿಪಿ ಹೊಸದಲ್ಲ, ಅರ್ಥಕ್ಕೆ ಮದ್ರಸಾದ ಹಿರಿಯರನ್ನು ಕೇಳಬಹುದು. ಹಳಗನ್ನಡದ ಶಾಸನ ಬಿಡಿಸಲು ಮಾತ್ರ ಮೇಷ್ಟ್ರುಗಳೇ ಬೇಕು. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟದಲ್ಲಿ ಜಗಳೂರು ತಾಲ್ಲೂಕಿನ ಶಾಸನಗಳೂ ಇವೆ. ಊರಿನ ಎಷ್ಟು ಮಂದಿ ಅವನ್ನು ಓದಿದ್ದಾರೋ! 1957 ಮತ್ತು 1967ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಆರಿಸಿ ಹೋದ ನಮ್ಮೂರಿನ ಮಹಮ್ಮದ್ ಇಮಾಂ ಸಾಹೇಬರ ಮಾತುಗಳು ಸದನದ ನಡಾವಳಿಯಲ್ಲಿ ಅಚ್ಚಾಗಿವೆ. ಓದಬೇಕಾದವುಗಳ ಪಟ್ಟಿಗೆ ಅವೂ ಸೇರಲಿ.