ಪಾತ್‌ಗೆ ಸೇರಿಸುವ ಆ ಒಂದು ಸಾಲು

ಲಿನಕ್ಸ್‌ನಲ್ಲಿ ಹೊಸ ಪ್ರೋಗ್ರಾಂ ಹಾಕಿಕೊಂಡು, ಅದು ಹೆಸರು ಹಿಡಿದು ಕರೆದರೆ ಓಗೊಡುತ್ತಿಲ್ಲ ಎಂದವರಿಗೆಲ್ಲ ಸಿಗುವ ಸಲಹೆ ಒಂದೇ: .ಬ್ಯಾಶ್‌ಆರ್‌ಸಿ ಫೈಲಿನ ಕೊನೆಗೆ ‘ಎಕ್ಸ್‌ಪೋರ್ಟ್ ಪಾತ್=$ಪಾತ್:/ಆಪ್ಟ್/ಟೂಲ್/ಬಿನ್’ ಎಂದು ಬರೆದು ಟರ್ಮಿನಲ್ ಮುಚ್ಚಿ ತೆರೆಯಿರಿ. ಕೈಪಿಡಿಗಳೂ ಇದನ್ನೇ ಹೇಳುತ್ತವೆ, ಪಕ್ಕದ ಮೇಜಿನ ಹಿರಿಯರೂ ಇದನ್ನೇ ಹೇಳುತ್ತಾರೆ. ಕೆಲಸ ಆಗುವುದರಿಂದ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಸರಳ, ನಿರಪಾಯ ಎಂಬ ಹೆಸರು ಈ ಸಾಲಿಗೆ ಅಂಟಿಕೊಂಡದ್ದು ಹೀಗೆ. ಅಷ್ಟು ಹೊಗಳಿಕೆಗೆ ಅದು ತಕ್ಕದ್ದಲ್ಲ.

ಪಾತ್ ಎಂದರೆ, ನೀವು ಕೊಟ್ಟ ಕಮಾಂಡ್ ಓಡಿಸುವ ಶೆಲ್ ಆ ಹೆಸರಿನ ಪ್ರೋಗ್ರಾಂ ಅನ್ನು ಹುಡುಕುವ ಡೈರೆಕ್ಟರಿಗಳ ಪಟ್ಟಿ. ಯೂನಿಕ್ಸಿನ ಮೊದಲ ಶೆಲ್ ಎಲ್ಲಿ ಹುಡುಕಬೇಕೆಂಬುದು ಅದರೊಳಗೇ ನಿಗದಿಯಾಗಿತ್ತು. 1979ರಲ್ಲಿ ಏಳನೆಯ ಆವೃತ್ತಿಯೊಂದಿಗೆ ಬಂದ ಸ್ಟೀಫನ್ ಬೋರ್ನ್ ಅವರ ಶೆಲ್‌ನಲ್ಲಿ ಆ ಪಟ್ಟಿ ಬಳಕೆದಾರರ ಕೈಯಲ್ಲಿತ್ತು. ರೂಟ್ ಅಧಿಕಾರವಿಲ್ಲದವರೂ ತಮ್ಮ ಹೋಮ್ ಡೈರೆಕ್ಟರಿಯಲ್ಲೇ ಬೇಕಾದ್ದನ್ನು ಇಟ್ಟುಕೊಂಡು ನಡೆಸಬಹುದಾದ ಈ ಸ್ವಾತಂತ್ರ್ಯ ದೊಡ್ಡದು. ನನ್ನ ತಕರಾರು ಪಾತ್‌ನ ಮೇಲಲ್ಲ, ಆ ಸಾಲಿನ ಮೇಲೆ.

ಅದನ್ನೇ ನಿಧಾನವಾಗಿ ಓದೋಣ. ಹಳೆಯ ಪಟ್ಟಿ ಮೊದಲು, ಕೋಲನ್, ಆಮೇಲೆ ಹೊಸ ಡೈರೆಕ್ಟರಿ. ಶೆಲ್ ಎಡದಿಂದ ಬಲಕ್ಕೆ ಹುಡುಕುತ್ತದೆ, ಮೊದಲು ಸಿಕ್ಕಿದ್ದನ್ನು ಓಡಿಸಿ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಅದೇ ಹೆಸರಿನ ಹಳೆಯ ಪ್ರೋಗ್ರಾಂ /ಯುಎಸ್‌ಆರ್/ಬಿನ್‌ನಲ್ಲಿ ಇದ್ದರೆ ಹೊಸದರ ಸರದಿ ಬರುವುದೇ ಇಲ್ಲ. ಹೊಸ ಪೈಥಾನ್ ಹಾಕಿಕೊಂಡವರಿಗೆ ಹಳೆಯದೇ ಉತ್ತರ ಕೊಡುತ್ತದೆ. ಆಗ ಇನ್ನೊಬ್ಬರು ‘$ಪಾತ್ ಅನ್ನು ಕೊನೆಗೆ ಹಾಕಿ’ ಎನ್ನುತ್ತಾರೆ. ಕೋಲನ್‌ನ ಎರಡು ಬದಿ ಅದಲುಬದಲಾದದ್ದೇ ತಡ, ಅರ್ಥವೇ ತಿರುಗಿಬಿಟ್ಟಿತು. ಈಗ ಆ ಡೈರೆಕ್ಟರಿಯಲ್ಲಿ ಯಾರಾದರೂ ‘ಎಲ್ಎಸ್’ ಎಂಬ ಹೆಸರಿನ ಫೈಲ್ ಇಟ್ಟರೆ ಓಡುವುದು ಅದೇ. ಯಾವ ಡೈರೆಕ್ಟರಿಯನ್ನು ಎಷ್ಟು ನಂಬುತ್ತೀರಿ ಎಂಬ ತೀರ್ಮಾನ ಇದು. ಕೈಪಿಡಿಗಳಲ್ಲಿ ಅದು ಇನ್‌ಸ್ಟಾಲ್ ಮಾಡುವ ಕೊನೆಯ ಹೆಜ್ಜೆಯಾಗಿ, ಯೋಚಿಸದೆ ನಕಲಿಸುವ ಅಕ್ಷರಗಳಾಗಿ ಉಳಿದಿದೆ.

ಕೋಲನ್‌ನಲ್ಲಿ ಇನ್ನೊಂದು ಅಪಾಯವಿದೆ. ಅದರ ಒಂದು ಪಕ್ಕ ಖಾಲಿ ಬಿದ್ದರೆ, ಆ ಖಾಲಿ ಜಾಗಕ್ಕೆ ‘ನೀವು ಈಗ ನಿಂತಿರುವ ಡೈರೆಕ್ಟರಿ’ ಎಂದರ್ಥ. ಪಾತ್ ಸಾಮಾನ್ಯವಾಗಿ ಖಾಲಿ ಇರುವುದಿಲ್ಲ, ಹಾಗಾಗಿ ಬಚಾವು. ಇದೇ ಅಚ್ಚನ್ನು, ಲೈಬ್ರರಿಗಳನ್ನು ಹುಡುಕುವ ಪಟ್ಟಿಯಾದ ಎಲ್‌ಡಿ_ಲೈಬ್ರರಿ_ಪಾತ್‌ಗೆ ಬಳಸಿದವರಿಗೆ ಆ ಅದೃಷ್ಟವಿಲ್ಲ. ಅದು ಹೆಚ್ಚಿನ ಕಡೆ ಖಾಲಿಯೇ ಇರುತ್ತದೆ, ಸಾಲು ಕೋಲನ್‌ನಿಂದಲೇ ಶುರುವಾಗುತ್ತದೆ. ಯಾರೋ ಕಳಿಸಿದ ಫೈಲುಗಳ ನಡುವೆ ನಿಂತು ನೀವು ಕೊಟ್ಟ ಕಮಾಂಡ್, ಲೈಬ್ರರಿಯನ್ನು ಅಲ್ಲೇ ಮೊದಲು ಹುಡುಕುತ್ತದೆ.

ಬರೆಯುವ ಜಾಗವೂ ತಪ್ಪು. .ಬ್ಯಾಶ್‌ಆರ್‌ಸಿಯನ್ನು ಬ್ಯಾಶ್ ಲಾಗಿನ್ ಅಲ್ಲದ ಪ್ರತಿ ಇಂಟರ್‌ಆ್ಯಕ್ಟಿವ್ ಶೆಲ್‌ನಲ್ಲೂ ಓದುತ್ತದೆ. ಶೆಲ್‌ನೊಳಗೆ ಶೆಲ್ ತೆರೆದಂತೆಲ್ಲ ಅದೇ ಡೈರೆಕ್ಟರಿ ಪಟ್ಟಿಯಲ್ಲಿ ಮತ್ತೆ ಮತ್ತೆ ಸೇರುತ್ತದೆ. ಗೊತ್ತುಮಾಡಿದ ಹೊತ್ತಿಗೆ ಕೆಲಸ ನಡೆಸುವ ಕ್ರಾನ್ ಮಾತ್ರ ಆ ಫೈಲನ್ನು ಓದುವುದೇ ಇಲ್ಲ. ರೂಟ್ ಅಧಿಕಾರದಿಂದ ಕಮಾಂಡ್ ಓಡಿಸುವ ಸುಡೋ, ಸೆಕ್ಯೂರ್_ಪಾತ್ ಇಟ್ಟುಕೊಂಡಿದ್ದರೆ, ನಿಮ್ಮ ಪಟ್ಟಿಯನ್ನು ಬದಿಗಿಟ್ಟು ತನ್ನದನ್ನೇ ಬಳಸುತ್ತದೆ. ಹಗಲು ಟರ್ಮಿನಲ್‌ನಲ್ಲಿ ಸರಿಯಾಗಿ ನಡೆದ ಸ್ಕ್ರಿಪ್ಟ್ ರಾತ್ರಿ ಕ್ರಾನ್‌ನಲ್ಲಿ ‘ಕಮಾಂಡ್ ನಾಟ್ ಫೌಂಡ್’ ಎಂದು ಎಕ್ಸಿಟ್ ಕೋಡ್ 127 ಹಿಂದಿರುಗಿಸುವುದು ಇದರಿಂದಲೇ. ಲಾಗಿನ್ ಆದಾಗ ಒಮ್ಮೆ ಓದುವ .ಪ್ರೊಫೈಲ್ ಇದಕ್ಕಿಂತ ಎಷ್ಟೋ ಮೇಲು. ಕ್ರಾನ್‌ಗಾದರೆ ಪ್ರೋಗ್ರಾಂನ ಪೂರ್ತಿ ವಿಳಾಸವನ್ನೇ ಬರೆಯಬೇಕು.

ಇಂಥ ದೂರುಗಳಿಗೆ ಎರಡು ಬಗೆಯ ಉತ್ತರ ಬರುತ್ತದೆ. ‘ಯೂನಿಕ್ಸ್ ಯಾರ ಕೈಯನ್ನೂ ಕಟ್ಟುವುದಿಲ್ಲ, ಓದಿಕೊಳ್ಳದವರದೇ ತಪ್ಪು’ ಎನ್ನುವುದು ಮೊದಲನೆಯದು. ಇದು ಅನ್ಯಾಯದ ಮಾತು. ವಿವರಣೆ ಕಿತ್ತು ಸಾಲನ್ನಷ್ಟೇ ಕೈಗಿತ್ತವರು ಓದಿಲ್ಲವೆಂದು ಬೈಯುವುದು ಸಲ್ಲದು. ಎರಡನೆಯದು ಪ್ಲಾನ್ 9ರ ಅಭಿಮಾನಿಗಳದು. ಬೆಲ್ ಲ್ಯಾಬ್ಸ್‌ನಲ್ಲೇ ಯೂನಿಕ್ಸಿನಂತೆ ಹುಟ್ಟಿದ ಆ ಆಪರೇಟಿಂಗ್ ವ್ಯವಸ್ಥೆಯಲ್ಲಿ ಹಲವು ಡೈರೆಕ್ಟರಿಗಳನ್ನು ‘ಬೈಂಡ್’ ಮಾಡಿ /ಬಿನ್‌ನ ಮೇಲೆಯೇ ಕೂರಿಸುತ್ತಾರೆ, ಉದ್ದನೆಯ ಪಟ್ಟಿ ಬೇಕಾಗುವುದಿಲ್ಲ. ಪಾತ್ ಒಂದು ತೇಪೆ, ಪ್ಲಾನ್ 9 ಅದನ್ನು ಬಗೆಹರಿಸಿತು ಎಂಬುದು ಇವರ ವಾದ. ಚೊಕ್ಕ ವಿನ್ಯಾಸ, ಒಪ್ಪುತ್ತೇನೆ. ಆದರೆ ಬೈಂಡ್ ಮಾಡುವಾಗಲೂ ಹೊಸದು ಮುಂದೆ ಬರಬೇಕೋ ಹಿಂದೆ ಬರಬೇಕೋ ಎಂದು ಹೇಳಲೇಬೇಕು, ಅದಕ್ಕಾಗಿ ಬೇರೆ ಬೇರೆ ಆಪ್ಶನ್‌ಗಳೇ ಇವೆ. ಯಾರ ಹೆಸರು ಮೊದಲು ಎಂಬ ಪ್ರಶ್ನೆ ಅಲ್ಲಿ ಜಾಗ ಬದಲಿಸಿತು, ಹೋಗಲಿಲ್ಲ. ಅದನ್ನು ಮರೆಸಿ ಹೊಗಳುವವರು, ಆ ಸಾಲನ್ನು ಹಂಚುವವರು ಮಾಡುವ ತಪ್ಪನ್ನೇ ಮಾಡುತ್ತಿದ್ದಾರೆ.

ಫಿಶ್ ಶೆಲ್‌ನ ‘ಫಿಶ್_ಆ್ಯಡ್_ಪಾತ್’ ಇದಕ್ಕಿಂತ ಪ್ರಾಮಾಣಿಕ. ಆಗಲೇ ಇರುವ ಡೈರೆಕ್ಟರಿಯನ್ನು ಅದು ಎರಡನೆಯ ಸಲ ಸೇರಿಸುವುದಿಲ್ಲ, ಹಿಂದೆ ಇಡಬೇಕಾದರೆ ಬಾಯಿಬಿಟ್ಟು ಹೇಳಿಸುತ್ತದೆ. ಬ್ಯಾಶ್ ಬಿಡಲಾಗದವರಿಗೆ ಬರೆಯುವ ಕೈಪಿಡಿಗಳಲ್ಲಿ ಆ ಸಾಲಿಗಿಂತ ಮೊದಲು ‘ಟೈಪ್ -ಎ ಪೈಥಾನ್3’ ಇರಬೇಕು. ಆ ಹೆಸರಿನ ಎಷ್ಟು ಪ್ರೋಗ್ರಾಂಗಳಿವೆ, ಯಾವುದು ಮೊದಲು ಎಂಬುದನ್ನು ಅದು ಸಾಲಾಗಿ ತೋರಿಸುತ್ತದೆ. ಯಾವುದು ಓಡುತ್ತದೆಂದು ತಿಳಿಯಲು ‘ವಿಚ್’ ಸಾಕು ಎನ್ನುವವರು ಇದನ್ನು ಗಮನಿಸಲಿ: ಒಮ್ಮೆ ಓಡಿಸಿದ ಕಮಾಂಡ್‌ನ ಜಾಗವನ್ನು ಬ್ಯಾಶ್ ನೆನಪಿಟ್ಟುಕೊಳ್ಳುತ್ತದೆ. ಪಟ್ಟಿಯಲ್ಲಿ ಮುಂದಿರುವ ಡೈರೆಕ್ಟರಿಗೆ ಆಮೇಲೆ ಹೊಸದು ಬಂದರೆ ಹೊರಗಿನ ಪ್ರೋಗ್ರಾಂ ಆದ ‘ವಿಚ್’ ಹೊಸದನ್ನು ತೋರಿಸುತ್ತದೆ, ಶೆಲ್ ಹಳೆಯದನ್ನೇ ಓಡಿಸುತ್ತದೆ. ‘ಹ್ಯಾಶ್ -ಆರ್’ ಕೊಟ್ಟು ಆ ನೆನಪನ್ನು ಅಳಿಸುವವರೆಗೂ ಅದು ಹಾಗೆಯೇ ನಡೆಯುತ್ತದೆ.